ತಲೆನೋವಿಗೆ ಅಂಕ: ಬೆಟ್ಟದ ಬೇನೆಯನ್ನು ಅಳೆದ ಬಗೆಯ ಚರಿತ್ರೆ

ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ. ಎತ್ತರ ಸುಮಾರು 1,930 ಮೀಟರ್. ಎತ್ತರದ ಗಾಳಿ ಮನುಷ್ಯನನ್ನು ಕಾಡಲು ತೊಡಗುವುದು ಸಾಮಾನ್ಯವಾಗಿ 2,500 ಮೀಟರ್ ದಾಟಿದ ಮೇಲೆ. ಹಾಗಾಗಿ ವೈದ್ಯರು ಅಕ್ಯೂಟ್ ಮೌಂಟೆನ್ ಸಿಕ್‌ನೆಸ್ ಎನ್ನುವ ಕಾಯಿಲೆಗೆ ಕನ್ನಡ ನೆಲದಲ್ಲಿ ಹುಟ್ಟಿದ ಹೆಸರಿಲ್ಲ. ಕನ್ನಡಿಗರಿಗೆ ಅದು ಎದುರಾಗುವುದು ವಿಮಾನದಲ್ಲಿ ಲೇಹ್‌ಗೆ ಹೋಗಿ ಇಳಿದಾಗ, ಕೈಲಾಸ ಪರಿಕ್ರಮದ ಏರಿನಲ್ಲಿ, ಇಲ್ಲವೇ ಸೈನ್ಯದ ಹಿಮಗಡಿಯ ಠಾಣ್ಯಗಳಲ್ಲಿ. ಈ ಲೇಖನದಲ್ಲಿ ಅದನ್ನು ‘ಬೆಟ್ಟದ ಬೇನೆ’ ಎಂದು ಕರೆದಿದ್ದೇನೆ.

ಈ ಬೇನೆಯ ಕಾರಣವನ್ನು ಹುಡುಕಿದ ಚರಿತ್ರೆಯನ್ನು ಹಲವರು ಬರೆದಿದ್ದಾರೆ. ಇಲ್ಲಿ ನೋಡಹೊರಟಿರುವುದು ಅದನ್ನು ಅಳೆದ ಚರಿತ್ರೆ. ಗಾಳಿಯ ಒತ್ತಡಕ್ಕೆ ವಾಯುಭಾರಮಾಪಕವಿದೆ, ರಕ್ತದ ಆಮ್ಲಜನಕಕ್ಕೆ ಆಕ್ಸಿಮೀಟರ್ ಇದೆ. ತಲೆನೋವಿಗೆ ಮಾಪಕವಿಲ್ಲ. ಅದು ಎಷ್ಟಿದೆ ಎಂಬುದನ್ನು ನೋಯುವವನೇ ಹೇಳಬೇಕು. ಹಾಗೆ ಹೇಳಿದ ಮಾತು ಅಂಕಿಯಾದದ್ದು ಹೇಗೆ, ಯಾರ ಅಗತ್ಯಕ್ಕಾಗಿ, ಆ ಹಾದಿಯಲ್ಲಿ ಯಾವುದನ್ನು ಎಣಿಸಲಾಯಿತು, ಯಾವುದನ್ನು ಬಿಡಲಾಯಿತು ಎಂಬುವು ಈ ಲೇಖನದ ಪ್ರಶ್ನೆಗಳು.

ಹೆಸರಿಟ್ಟವರ ಕಾಲ

ಲಕ್ಷಣಗಳ ಪಟ್ಟಿ ಕಾರಣದ ಅರಿವಿಗಿಂತ ಬಹಳ ಹಳೆಯದು. ಕ್ರಿ.ಪೂ. ಮೊದಲ ಶತಮಾನದಲ್ಲಿ ಚೀನಾದ ಹಾನ್ ಆಸ್ಥಾನದ ಅಧಿಕಾರಿ ದು ಚಿನ್, ಪಶ್ಚಿಮದ ರಾಜ್ಯಗಳಿಗೆ ದೂತರನ್ನು ಕಳಿಸುವುದು ಬೇಡವೆಂದು ವಾದಿಸುತ್ತ ದಾರಿಯ ಕಷ್ಟಗಳನ್ನು ವಿವರಿಸಿದ. ಆ ದಾರಿಯಲ್ಲಿ ‘ದೊಡ್ಡ ತಲೆನೋವಿನ ಬೆಟ್ಟ’ ಮತ್ತು ‘ಸಣ್ಣ ತಲೆನೋವಿನ ಬೆಟ್ಟ’ ಎಂಬ ಎರಡು ಬೆಟ್ಟಗಳಿದ್ದವು. ಅಲ್ಲಿ ಮೈ ಬಿಸಿಯೇರುತ್ತದೆ, ಮುಖ ಬಿಳಿಚುತ್ತದೆ, ತಲೆ ನೋಯುತ್ತದೆ, ವಾಂತಿಯಾಗುತ್ತದೆ, ಜಾನುವಾರುಗಳಿಗೂ ಇದೇ ಗತಿ ಎಂಬ ಅವನ ಮಾತು ಹಾನ್ ವಂಶದ ಇತಿಹಾಸ ಗ್ರಂಥದಲ್ಲಿ ದಾಖಲಾಗಿದೆ. ಆ ಬೆಟ್ಟಗಳು ಇಂದಿನ ಯಾವ ಜಾಗ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ನಮಗೆ ಮುಖ್ಯವಾದದ್ದು ಹೆಸರು: ಬೆಟ್ಟವನ್ನು ಎತ್ತರದಿಂದಲ್ಲ, ಅದು ಕೊಡುವ ನೋವಿನಿಂದ ಗುರುತಿಸಿದ್ದಾರೆ. ‘ದೊಡ್ಡ’, ‘ಸಣ್ಣ’ ಎಂಬ ವಿಶೇಷಣಗಳು ಬೆಟ್ಟಕ್ಕೆ ಸೇರಿದವೋ ತಲೆನೋವಿಗೆ ಸೇರಿದವೋ ತಿಳಿಯದು. ತಲೆನೋವಿಗೆ ಸೇರಿದ್ದರೆ ಅದನ್ನು ಎರಡೇ ಮೆಟ್ಟಿಲಿನ ಒಂದು ಅಳತೆಗೋಲು ಎನ್ನಬಹುದು.

ಪೆರುವಿನ ಪರಿಯಕಾಕಾ ಕಣಿವೆಯನ್ನು ಹತ್ತಿದ ಜೆಸ್ಯೂಟ್ ಪಾದ್ರಿ ಹೋಸೆ ದೆ ಅಕೋಸ್ತಾ 1590ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ತನಗಾದ ಪಾಡನ್ನು ಬಿಡಿಸಿ ಹೇಳಿದ್ದಾನೆ. ಮೊದಲು ಊಟ, ಆಮೇಲೆ ಪಿತ್ತ, ಕೊನೆಗೆ ರಕ್ತ ಬರುವಷ್ಟು ವಾಂತಿ. ಇನ್ನು ಬದುಕಲಾರೆ ಎನ್ನುವ ಸ್ಥಿತಿ. ಅಲ್ಲಿಯ ಗಾಳಿ ಮನುಷ್ಯನ ಉಸಿರಾಟಕ್ಕೆ ಒಗ್ಗದಷ್ಟು ತೆಳುವಾಗಿದೆ ಎಂಬ ಅವನ ಊಹೆ ಸತ್ಯಕ್ಕೆ ಬಹಳ ಹತ್ತಿರವಿತ್ತು. ಆಂಡೀಸ್‌ನ ಜನ ಈ ಬೇನೆಯನ್ನು ‘ಪುನಾ’, ‘ಸೊರೊಚೆ’ ಎಂದು ಕರೆಯುತ್ತ ಬಂದಿದ್ದರು. ಹಿಮಾಲಯದ ಕಣಿವೆ ದಾಟುವವರು ‘ಬಿಸ್ ಕೀ ಹವಾ’, ಅಂದರೆ ವಿಷದ ಗಾಳಿ, ಎನ್ನುತ್ತಿದ್ದರೆಂದು 19ನೇ ಶತಮಾನದ ಪ್ರವಾಸಿಗರು ಬರೆದಿಟ್ಟಿದ್ದಾರೆ. ಬೆಟ್ಟದ ಮಕ್ಕಳ ಬಳಿ ಪದವಿತ್ತು, ಅನುಭವವಿತ್ತು. ಒಬ್ಬನ ಬೇನೆಯನ್ನು ಇನ್ನೊಬ್ಬನದರ ಪಕ್ಕಕ್ಕಿಟ್ಟು ಹೋಲಿಸುವ ಪ್ರಮೇಯ ಮಾತ್ರ ಅವರಿಗೆ ಬಂದಿರಲಿಲ್ಲ.

ಯಂತ್ರ ಕಂಡದ್ದು, ಕಾಣದ್ದು

ಕಾರಣವನ್ನು ಪ್ರಯೋಗದಿಂದ ಗಟ್ಟಿಯಾಗಿ ತೋರಿಸಿದವರು ಫ್ರಾನ್ಸಿನ ಶರೀರಕ್ರಿಯಾ ವಿಜ್ಞಾನಿ ಪಾಲ್ ಬರ್. ಗಾಳಿಯ ಒತ್ತಡ ತಗ್ಗಿಸಬಲ್ಲ ಉಕ್ಕಿನ ಕೋಣೆಯೊಳಗೆ ಅವರು ತಾವೇ ಕೂತರು. ಒತ್ತಡ ಇಳಿದಂತೆ ಓಕರಿಕೆ ಬಂತು, ನಾಡಿ ಏರಿತು; ಆಮ್ಲಜನಕ ಸೇವಿಸಿದಾಗ ಎಲ್ಲವೂ ತಿಳಿಯಾಯಿತು. ಕಾಡುವುದು ಒತ್ತಡದ ಕುಸಿತವಲ್ಲ, ಅದರೊಂದಿಗೆ ಆಮ್ಲಜನಕ ಉಸಿರಿಗೆ ಸಾಲದೆ ಹೋಗುವುದು ಎಂದು 1878ರ ತಮ್ಮ ಬೃಹತ್ ಗ್ರಂಥದಲ್ಲಿ ಅವರು ಪ್ರತಿಪಾದಿಸಿದರು.

ಆ ಗ್ರಂಥಕ್ಕೆ ಮೂರು ವರ್ಷ ಮೊದಲು ನಡೆದ ಒಂದು ದುರಂತ ನಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದೆ. 1875ರ ಏಪ್ರಿಲ್ 15ರಂದು ಜೆನಿತ್ ಎಂಬ ಬಲೂನಿನಲ್ಲಿ ಗಾಸ್ತೋ ತಿಸಾಂದಿಯೆ, ಕ್ರೋಚೆ-ಸ್ಪಿನೆಲ್ಲಿ ಮತ್ತು ಸಿವೆಲ್ ಎಂಬ ಮೂವರು 8,000 ಮೀಟರಿಗೂ ಮೇಲಕ್ಕೆ ಏರಿದರು. ಆಮ್ಲಜನಕದ ಚೀಲಗಳು ಕೈಗೆಟುಕುವಷ್ಟೇ ದೂರದಲ್ಲಿದ್ದವು; ಕೈ ಎತ್ತಲು ಆಗಲಿಲ್ಲ. ಬದುಕಿ ಮರಳಿದವನು ತಿಸಾಂದಿಯೆ ಒಬ್ಬನೇ. ಆ ಎತ್ತರದಲ್ಲಿ ತನಗೆ ನೋವೇನೂ ಆಗಲಿಲ್ಲ, ಒಳಗೊಳಗೆ ಒಂದು ಬಗೆಯ ಸಂತೋಷವೇ ಆಯಿತು ಎಂದು ಅವನು ಆಮೇಲೆ ಬರೆದ. ಸಾವಿನ ಅಂಚಿನಲ್ಲಿದ್ದವನನ್ನು ಆ ಗಳಿಗೆಯಲ್ಲಿ ‘ಹೇಗಿದ್ದೀಯ’ ಎಂದು ಕೇಳಿದ್ದರೆ ‘ಚೆನ್ನಾಗಿದ್ದೇನೆ’ ಎಂದೇ ಹೇಳುತ್ತಿದ್ದನೇನೋ. ರೋಗಿಯ ಮಾತನ್ನು ಮಾಪಕ ಮಾಡಿಕೊಳ್ಳುವವರು ಈ ಪ್ರಸಂಗವನ್ನು ಮರೆಯುವಂತಿಲ್ಲ. ಆಮ್ಲಜನಕದ ಕೊರತೆ ಮೈಯನ್ನು ಕೆಡಿಸುವುದರ ಜೊತೆಗೆ, ಮೈ ಕೆಟ್ಟಿದೆ ಎಂದು ಹೇಳಬೇಕಾದ ಬುದ್ಧಿಯನ್ನೂ ಕೆಡಿಸುತ್ತದೆ.

ಇದಕ್ಕೆ ತದ್ವಿರುದ್ಧವಾದ ಪ್ರಸಂಗ 1891ರದು. ಮೋಂಟ್ ಬ್ಲಾಂಕ್ ಶಿಖರದ ಸಮೀಪದ ವಾಲೋ ಗುಡಿಸಲಿನಲ್ಲಿ ಯುವ ವೈದ್ಯ ಜಾಕೊತೆ ಅಸ್ವಸ್ಥನಾದ. ಎತ್ತರ ಮೈಗೆ ಏನು ಮಾಡುತ್ತದೆಂದು ತನ್ನ ಮೇಲೇ ಗಮನಿಸಬೇಕೆಂದು ಕೆಳಗಿಳಿಯಲು ಒಪ್ಪಲಿಲ್ಲ, ಪತ್ರದಲ್ಲಿ ತನ್ನ ಯಾತನೆಯನ್ನು ಬರೆದ, ಅಲ್ಲೇ ತೀರಿಕೊಂಡ. ಮರಣೋತ್ತರ ಪರೀಕ್ಷೆಯಲ್ಲಿ ಶ್ವಾಸಕೋಶದಲ್ಲಿ ನೀರು ತುಂಬಿದ್ದು ಕಂಡಿತು. ಈ ವಿವರಗಳನ್ನು ಪ್ರಚುರಪಡಿಸಿದವರು ಇಟಲಿಯ ವಿಜ್ಞಾನಿ ಆಂಜೆಲೊ ಮೊಸ್ಸೊ. ಅವರು ಮೋಂಟೆ ರೋಸಾ ಪರ್ವತದ ಮೇಲೆ 4,559 ಮೀಟರ್ ಎತ್ತರದ ಕಪಾನಾ ಮಾರ್ಗೆರಿಟಾ ಗುಡಿಸಲಿನಲ್ಲಿ 1894ರಲ್ಲಿ ಸಂಶೋಧನೆ ನಡೆಸಿದರು. ಉಸಿರಾಟದ ಲಯ, ನಾಡಿ, ಸ್ನಾಯುವಿನ ಆಯಾಸ ಎಲ್ಲವನ್ನೂ ರೇಖೆಯಾಗಿ ಬರೆಸಬಲ್ಲ ಯಂತ್ರಗಳು ಅವರ ಬಳಿಯಿದ್ದವು. ತಲೆನೋವು, ಓಕರಿಕೆಗಳು ಮಾತ್ರ ಅಲ್ಲೂ ದಿನಚರಿಯ ವಾಕ್ಯಗಳಾಗಿಯೇ ಉಳಿದವು.

ರೈಲು ಮಾಡಿದ ಉಪಕಾರ

ಬೆಟ್ಟ ಹತ್ತುವವನ ಬೇನೆಯಲ್ಲಿ ನಾಲ್ಕಾರು ಸಂಗತಿಗಳು ಕಲಸಿಹೋಗಿರುತ್ತವೆ: ದಣಿವು, ಚಳಿ, ಹಸಿವು, ಭಯ. ಇವುಗಳಿಂದ ಎತ್ತರವೊಂದನ್ನೇ ಬೇರ್ಪಡಿಸುವುದು ಹೇಗೆ? ಉತ್ತರ ಕೊಟ್ಟದ್ದು ರೈಲು. ಚಿಲಿಯ ಎತ್ತರದ ಗಣಿಯೊಂದರಲ್ಲಿ ವೈದ್ಯರಾಗಿದ್ದ ಥಾಮಸ್ ರೇವನ್‌ಹಿಲ್ ಅವರಿಗೆ ಸಿಕ್ಕ ರೋಗಿಗಳು ಸಮುದ್ರ ತೀರದಿಂದ ರೈಲಿನಲ್ಲಿ ಕೂತೇ ಬಂದವರು. ಅವರು ದಣಿದಿರಲಿಲ್ಲ, ಆದರೂ ಬೇನೆ ಬಿದ್ದರು. ಬಂದ ತಕ್ಷಣ ಲಕ್ಷಣ ಕಾಣದು, ಕೆಲವು ಗಂಟೆ ಕಳೆದ ಮೇಲೆ ತಲೆದೋರುತ್ತದೆ ಎಂಬುದನ್ನು ಅವರು ಗುರುತಿಸಿದರು. 1913ರ ತಮ್ಮ ಪ್ರಬಂಧದಲ್ಲಿ ಬೇನೆಯನ್ನು ಮೂರಾಗಿ ವಿಂಗಡಿಸಿದರು: ಸಾಮಾನ್ಯ ಪುನಾ, ಹೃದಯದ ಪುನಾ, ನರದ ಪುನಾ. ಇಂದಿನ ವೈದ್ಯರು ಬೆಟ್ಟದ ಬೇನೆ, ಶ್ವಾಸಕೋಶದ ಊತ, ಮಿದುಳಿನ ಊತ ಎಂದು ಮಾಡುವ ವಿಂಗಡಣೆ ಬಹುಮಟ್ಟಿಗೆ ಇದೇ. ಆ ಪ್ರಬಂಧ ದಶಕಗಳ ಕಾಲ ಯಾರ ಕಣ್ಣಿಗೂ ಬೀಳಲಿಲ್ಲ.

ಅದೇ ಹೊತ್ತಿಗೆ, 1911ರಲ್ಲಿ, ಆಕ್ಸ್‌ಫರ್ಡಿನ ಹಾಲ್ಡೇನ್ ಮತ್ತು ಡಗ್ಲಸ್, ಅಮೆರಿಕದ ಹೆಂಡರ್ಸನ್ ಮತ್ತು ಶ್ನೈಡರ್ ಕೊಲರಾಡೊದ ಪೈಕ್ಸ್ ಪೀಕ್ ಶಿಖರದಲ್ಲಿ ಸುಮಾರು 4,300 ಮೀಟರ್ ಎತ್ತರದಲ್ಲಿ ಐದು ವಾರ ಉಳಿದರು. ಅಲ್ಲಿಗೆ ಹಲ್ಲುಗಾಲಿಯ ರೈಲು ಬರುತ್ತಿತ್ತು. ಅದರಿಂದ ಇಳಿದ ಪ್ರವಾಸಿಗರು ನೀಲಿಗಟ್ಟಿದ ತುಟಿಗಳೊಂದಿಗೆ ವಾಂತಿ ಮಾಡುತ್ತ ಅಡ್ಡಾಗುವುದು ವಿಜ್ಞಾನಿಗಳ ಕಣ್ಣೆದುರೇ ನಡೆಯುತ್ತಿತ್ತು. ಈ ಪೈಕ್ಸ್ ಪೀಕ್ ನಮ್ಮ ಕತೆಯೊಳಕ್ಕೆ ಮತ್ತೊಮ್ಮೆ ಬರಲಿದೆ.

1962ರ ನಂತರದ ಸೈನಿಕರು

ಒಂದಿಬ್ಬರ ಬೇನೆಯಿಂದ ನೂರಾರು ಜನರ ಬೇನೆಯ ಕಡೆಗೆ ಸಂಶೋಧನೆ ಹೊರಳಿದ್ದರಲ್ಲಿ ಭಾರತದ ಪಾಲು ದೊಡ್ಡದು. ಅದರ ಹಿಂದೆ ಒಂದು ಯುದ್ಧವಿತ್ತು. 1962ರಲ್ಲಿ ಚೀನಾದೊಂದಿಗೆ ಸಂಘರ್ಷ ಎದ್ದಾಗ ಬಯಲುಸೀಮೆಯ ಸೈನಿಕರನ್ನು ಅವಸರದಲ್ಲಿ ಹಿಮಾಲಯದ ಎತ್ತರಗಳಿಗೆ ಸಾಗಿಸಲಾಯಿತು. ಅಲ್ಲಿಯ ಗಾಳಿಗೆ ಮೈ ಒಗ್ಗಲು ಸಮಯವಿರಲಿಲ್ಲ. ಸೈನಿಕರ ಶರೀರಕ್ರಿಯೆಯ ಅಧ್ಯಯನಕ್ಕಾಗಿ ರಕ್ಷಣಾ ಇಲಾಖೆಯ ಡಿಪಾಸ್ ಸಂಸ್ಥೆ ಆರಂಭವಾದದ್ದೂ ಅದೇ ವರ್ಷ.

ಸೇನಾ ವೈದ್ಯ ಇಂದರ್ ಸಿಂಗ್ ಮತ್ತು ಸಂಗಡಿಗರು 1969ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟಿಸಿದ ಪ್ರಬಂಧ 1,925 ಸೈನಿಕರ ಬೆಟ್ಟದ ಬೇನೆಯನ್ನು ವಿವರಿಸಿತು. ಈ ಕಾಯಿಲೆಯ ಬಗ್ಗೆ ಅಷ್ಟು ದೊಡ್ಡ ದಾಖಲೆ ಅಪರೂಪ. ಕೆಲವರಲ್ಲಿ ಬೆನ್ನುಹುರಿಯ ದ್ರವದ ಒತ್ತಡ ಏರಿದ್ದನ್ನು ಅವರು ಕಂಡರು. ತಲೆನೋವಿನ ಮೂಲ ಮಿದುಳಿನ ಊತದಲ್ಲಿರಬಹುದೆಂಬ ವಿಚಾರಕ್ಕೆ ಅದು ಬಲ ಕೊಟ್ಟಿತು. ಆದರೆ ಇದು ಆಸ್ಪತ್ರೆಯ ವೈದ್ಯರ ದಾಖಲೆ. ಕಾಯಿಲೆಯೆಂದು ಬಂದವನ ಹೆಸರು ಅದರಲ್ಲಿ ಸೇರಿತು. ತಲೆ ಹಿಡಿದುಕೊಂಡೇ ಪಹರೆ ಮುಗಿಸಿದವನು ಸೇರಲಿಲ್ಲ. ಅವನನ್ನೂ ಎಣಿಸಬೇಕಾದರೆ ಅವನಿದ್ದಲ್ಲಿಗೇ ಹೋಗಿ, ಎಲ್ಲರಿಗೂ ಒಂದೇ ಪ್ರಶ್ನೆಯನ್ನು ಒಂದೇ ರೀತಿಯಲ್ಲಿ ಕೇಳಬೇಕಿತ್ತು.

ಅರವತ್ತೇಳು ಪ್ರಶ್ನೆಗಳು

ಬಿಸಿಲು, ಚಳಿಗಳ ಅಳತೆ ಅಷ್ಟರಲ್ಲಿ ಮುಂದೆ ಸಾಗಿತ್ತು. ಅಂಟಾರ್ಕ್ಟಿಕಾದ ಗಾಳಿಯಲ್ಲಿ ನೀರು ಹೆಪ್ಪುಗಟ್ಟುವ ವೇಗವನ್ನು ನೋಡಿ ಸೈಪಲ್ ಮತ್ತು ಪಾಸೆಲ್ 1945ರಲ್ಲಿ ಚಳಿಗಾಳಿಯ ಸೂಚ್ಯಂಕ ಕೊಟ್ಟಿದ್ದರು. ಅಮೆರಿಕದ ಮರೀನ್ ಪಡೆಯ ತರಬೇತಿ ಮೈದಾನಗಳಲ್ಲಿ ಸೆಖೆಯ ಅಪಾಯವನ್ನು ತಿಳಿಯಲು ಯಾಗ್ಲೂ ಮತ್ತು ಮಿನಾರ್ಡ್ 1957ರಲ್ಲಿ ಒದ್ದೆ ಬಲ್ಬ್ ಮತ್ತು ಕಪ್ಪು ಗೋಳದ ತಾಪಮಾನಗಳನ್ನು ಬೆರೆಸಿದ ಸೂಚ್ಯಂಕ ರೂಪಿಸಿದ್ದರು. ಇವೆರಡೂ ಅಳೆದದ್ದು ಹೊರಗಿನ ಹವೆಯನ್ನು. ಒಂದೇ ಬಿಸಿಲಿನಲ್ಲಿ ನಿಂತ ಇಬ್ಬರಲ್ಲಿ ಒಬ್ಬ ಕುಸಿದು ಇನ್ನೊಬ್ಬ ನಿಂತೇ ಇರುವುದನ್ನು ಅವು ಹೇಳಲಾರವು.

ಆ ಕೆಲಸಕ್ಕೆ ಕೈಹಾಕಿದ್ದು ಮ್ಯಾಸಚೂಸೆಟ್ಸ್‌ನ ನೇಟಿಕ್‌ನಲ್ಲಿರುವ ಅಮೆರಿಕ ಸೇನೆಯ ಪರಿಸರ ವೈದ್ಯಕೀಯ ಸಂಶೋಧನಾ ಸಂಸ್ಥೆ. ಅಲ್ಲಿಯ ಕೋಬ್ರಿಕ್ ಮತ್ತು ಸ್ಯಾಂಪ್ಸನ್ 1979 ಮತ್ತು 1980ರ ಪ್ರಬಂಧಗಳಲ್ಲಿ ‘ಪರಿಸರ ಲಕ್ಷಣಗಳ ಪ್ರಶ್ನಾವಳಿ’ಯನ್ನು ಮುಂದಿಟ್ಟರು. ಎತ್ತರ, ಚಳಿ, ಸೆಖೆ ಮೂರಕ್ಕೂ ಒಂದೇ ಹಾಳೆ. ಅದರ ಮೂರನೆಯ ಆವೃತ್ತಿಯಲ್ಲಿ 67 ವಾಕ್ಯಗಳಿದ್ದವು: ತಲೆ ನೋಯುತ್ತಿದೆ, ಕೈ ತಣ್ಣಗಾಗಿದೆ, ಬೆವರುತ್ತಿದ್ದೇನೆ ಎಂಬಂಥವು. ಪ್ರತಿಯೊಂದಕ್ಕೂ ‘ಇಲ್ಲವೇ ಇಲ್ಲ’ದಿಂದ ‘ವಿಪರೀತ’ದವರೆಗೆ 0ಯಿಂದ 5ರ ಅಂಕ. ಮೈಯ ದೂರುಗಳ ನಡುವೆ ಬೇಸರ, ಸಿಡುಕು, ಚುರುಕುತನಗಳನ್ನೂ ವಿಚಾರಿಸಲಾಗಿತ್ತು.

ನಿಜವಾದ ಹೊಸತನ ಪ್ರಶ್ನೆಗಳಲ್ಲಿರಲಿಲ್ಲ, ಉತ್ತರಗಳನ್ನು ಓದಿದ ಬಗೆಯಲ್ಲಿತ್ತು. ಸ್ಯಾಂಪ್ಸನ್ ಮತ್ತು ಸಂಗಡಿಗರು 1983ರಲ್ಲಿ, ಪೈಕ್ಸ್ ಪೀಕ್ ಮೇಲೆ ತಂಗಿದ್ದ 58 ಪುರುಷರು ತುಂಬಿಕೊಟ್ಟ 650ಕ್ಕೂ ಹೆಚ್ಚು ಹಾಳೆಗಳನ್ನು ಫ್ಯಾಕ್ಟರ್ ಅನಾಲಿಸಿಸ್ ಎಂಬ ಸಂಖ್ಯಾಶಾಸ್ತ್ರೀಯ ವಿಧಾನಕ್ಕೆ ಒಳಪಡಿಸಿದರು. ಯಾವ ಲಕ್ಷಣ ಯಾವುದರೊಟ್ಟಿಗೆ ಏರುತ್ತದೆ, ಯಾವುದರೊಟ್ಟಿಗೆ ಇಳಿಯುತ್ತದೆ ಎಂದು ನೋಡಿ ಗುಂಪು ಕಟ್ಟುವ ವಿಧಾನ ಅದು. ಒಂಬತ್ತು ಗುಂಪುಗಳು ಹೊರಬಂದವು. ಎರಡು ಬೆಟ್ಟದ ಬೇನೆಯವು: ತಲೆಗೆ ಸಂಬಂಧಿಸಿದ್ದು ಒಂದು, ಉಸಿರಿಗೆ ಸಂಬಂಧಿಸಿದ್ದು ಇನ್ನೊಂದು. ತಲೆಯ ಗುಂಪಿನಲ್ಲಿ ತಲೆನೋವು, ತಲೆಸುತ್ತು, ನಿಶ್ಶಕ್ತಿ, ಓಕರಿಕೆ, ಊಟ ಸೇರದಿರುವುದು ಮುಂತಾದ 11 ಲಕ್ಷಣಗಳು. ಎಲ್ಲಕ್ಕೂ ಸಮಾನ ತೂಕವಿಲ್ಲ. ಗುಂಪಿನೊಂದಿಗೆ ಬಿಗಿಯಾಗಿ ಬೆಸೆದುಕೊಂಡದ್ದಕ್ಕೆ ಹೆಚ್ಚು ತೂಕ. ತೂಗಿದ ಸರಾಸರಿ 0.7 ಮುಟ್ಟಿದರೆ ಬೇನೆ ಇದೆ ಎಂದು ಗಡಿ ಹಾಕಲಾಯಿತು.

ಪಟ್ಟಿಯನ್ನು ವೈದ್ಯನ ಅನುಭವ ನಿರ್ಧರಿಸಲಿಲ್ಲ, ರೋಗಿಗಳ ಉತ್ತರಗಳೇ ನಿರ್ಧರಿಸಿದವು ಎಂಬುದು ಈ ವಿಧಾನದ ಹಿರಿಮೆ. ಮಿತಿಯೂ ಅಲ್ಲೇ ಇದೆ. ಉತ್ತರ ಕೊಟ್ಟವರೆಲ್ಲ ಗಂಡಸರು, ಒಂದೇ ಶಿಖರದಲ್ಲಿದ್ದವರು, ಒಂದೇ ಭಾಷೆಯಲ್ಲಿ ಓದಿ ಗುರುತು ಹಾಕಿದವರು. ಆ 11 ಲಕ್ಷಣಗಳಲ್ಲಿ ಒಂದು ಹ್ಯಾಂಗೋವರ್: ರಾತ್ರಿ ಕುಡಿದವನ ಮರುಬೆಳಗಿನ ಪಾಡು. ಕುಡಿದೇ ಗೊತ್ತಿಲ್ಲದವನು ಅದಕ್ಕೆ ಯಾವ ಅಂಕ ಕೊಟ್ಟಾನು?

ಡೇರೆಯೊಳಗೆ ಹಿಡಿಯುವ ಪ್ರಶ್ನಾವಳಿ

ಈ ನಡುವೆ ಎತ್ತರಕ್ಕೆ ಹೋಗುವವರೇ ಬದಲಾಗಿದ್ದರು. ನೇಪಾಳಕ್ಕೆ ಚಾರಣಿಗರ ದಂಡು ಬರತೊಡಗಿತ್ತು. ಎವರೆಸ್ಟ್ ದಾರಿಯ ಫೆರಿಚೆಯಲ್ಲಿ, 4,243 ಮೀಟರ್ ಎತ್ತರದಲ್ಲಿ, ಹ್ಯಾಕೆಟ್ ಮತ್ತು ರೆನಿ 278 ಚಾರಣಿಗರನ್ನು ವಿಚಾರಿಸಿ 1976ರ ಲ್ಯಾನ್ಸೆಟ್‌ನಲ್ಲಿ ವರದಿ ಮಾಡಿದರು: ಶೇ. 53ರಷ್ಟು ಜನರಿಗೆ ಬೇನೆ ಇತ್ತು. ಲುಕ್ಲಾಗೆ ವಿಮಾನದಲ್ಲಿ ಬಂದವರಲ್ಲಿ ಅದು ನಡೆದು ಬಂದವರಿಗಿಂತ ಹೆಚ್ಚಾಗಿತ್ತು. ಮುಂದೆ 1990ರಲ್ಲಿ ಮಜ್ಜೊರಿನಿ ಮತ್ತು ಸಂಗಡಿಗರು ಸ್ವಿಸ್ ಆಲ್ಪ್ಸ್‌ನ ನಾಲ್ಕು ಗುಡಿಸಲುಗಳಲ್ಲಿ 466 ಮಂದಿಯನ್ನು ಪರೀಕ್ಷಿಸಿದರು. 2,850 ಮೀಟರಿನಲ್ಲಿ ಶೇ. 9, 3,050ರಲ್ಲಿ ಶೇ. 13, 3,650ರಲ್ಲಿ ಶೇ. 34, ಮೋಂಟೆ ರೋಸಾದ 4,559ರಲ್ಲಿ ಶೇ. 53.

ಫೆರಿಚೆಯದೂ 53, ಮೋಂಟೆ ರೋಸಾದ್ದೂ 53. ಇದರಿಂದ ಎರಡೂ ಕಡೆ ಬೇನೆ ಸಮಾನವೆಂದು ಹೇಳಬಹುದೇ? ಹೇಳಲಾಗದು. ಇಬ್ಬರ ಪ್ರಶ್ನೆಗಳೂ ಎಣಿಕೆಯ ಕ್ರಮವೂ ಬೇರೆ. ಒಬ್ಬರ ಸೇರು ಇನ್ನೊಬ್ಬರ ಸೇರಿಗೆ ಹೊಂದದ ಸಂತೆಯಂತಿತ್ತು ಪರಿಸ್ಥಿತಿ.

ಈ ಗೊಂದಲ ಬಿಡಿಸಲು 1991ರಲ್ಲಿ ಕೆನಡಾದ ಲೇಕ್ ಲೂಯಿಸ್‌ನಲ್ಲಿ ಸೇರಿದ ತಜ್ಞರು ಒಂದು ಒಮ್ಮತಕ್ಕೆ ಬಂದರು. ಅದರ ಅಂಕಪಟ್ಟಿ 1993ರಲ್ಲಿ ಪ್ರಕಟವಾಯಿತು. ಅರವತ್ತೇಳರ ಜಾಗದಲ್ಲಿ ಐದೇ ಪ್ರಶ್ನೆಗಳು: ತಲೆನೋವು, ಹೊಟ್ಟೆಯ ತೊಂದರೆ, ಆಯಾಸ, ತಲೆಸುತ್ತು, ನಿದ್ರೆ. ಪ್ರತಿಯೊಂದಕ್ಕೂ 0ಯಿಂದ 3. ಇತ್ತೀಚೆಗೆ ಎತ್ತರ ಏರಿರಬೇಕು, ತಲೆನೋವು ಇರಲೇಬೇಕು, ಒಟ್ಟು ಅಂಕ 3 ಅಥವಾ ಹೆಚ್ಚಿರಬೇಕು. ಡೇರೆಯೊಳಗೆ, ಹೆಪ್ಪುಗಟ್ಟಿದ ಕೈಯಲ್ಲಿ, ಒಂದು ನಿಮಿಷದಲ್ಲಿ ತುಂಬಬಹುದಾದ ಪಟ್ಟಿ ಇದು. ಅದು ಜಗತ್ತಿನಾದ್ಯಂತ ಹಬ್ಬಲು ಈ ಸರಳತೆಯೇ ಕಾರಣ. ಹಳೆಯ ಪ್ರಶ್ನಾವಳಿ ಕಣ್ಮರೆಯಾಗಲಿಲ್ಲ. 2007ರಲ್ಲಿ ಅದರ ಕಿರಿದಾದ ಎಲೆಕ್ಟ್ರಾನಿಕ್ ರೂಪವೂ ಬಂತು. ಒಂದೇ ಗುಂಪಿನ ಜನರನ್ನು ಎರಡೂ ಪಟ್ಟಿಗಳಲ್ಲಿ ಅಳೆದಾಗ ಬೇನೆಯವರ ಸಂಖ್ಯೆ ಒಂದೇ ಬರುವುದಿಲ್ಲ ಎಂಬ ತೊಡಕೂ ಉಳಿದುಕೊಂಡಿತು.

ನಿದ್ರೆ ಹೊರಗೆ, ಮಗು ಒಳಗೆ

2018ರಲ್ಲಿ ಲೇಕ್ ಲೂಯಿಸ್ ಪಟ್ಟಿಯನ್ನು ಪರಿಷ್ಕರಿಸಿದಾಗ ನಿದ್ರೆಯ ಪ್ರಶ್ನೆಯನ್ನು ತೆಗೆದುಹಾಕಲಾಯಿತು. ಎತ್ತರದಲ್ಲಿ ಬಹುತೇಕ ಎಲ್ಲರಿಗೂ ನಿದ್ರೆ ಕೆಡುತ್ತದೆ; ಅದು ಆಮ್ಲಜನಕದ ಕೊರತೆಯ ನೇರ ಪರಿಣಾಮ, ಉಳಿದ ನಾಲ್ಕು ಲಕ್ಷಣಗಳೊಂದಿಗೆ ಅದಕ್ಕೆ ಬಿಗಿಯಾದ ನಂಟಿಲ್ಲ ಎಂಬುದು ಕಾರಣ. ಈಗ ಗರಿಷ್ಠ 12 ಅಂಕ: 3ರಿಂದ 5 ಸೌಮ್ಯ, 6ರಿಂದ 9 ಮಧ್ಯಮ, 10ರಿಂದ 12 ತೀವ್ರ. ಎತ್ತರ ಏರಿ ಆರು ಗಂಟೆ ಕಳೆದ ಮೇಲೆಯೇ ಅಂಕ ಹಾಕಬೇಕು. ಪ್ರಯಾಣದ ದಣಿವನ್ನು ಬೇನೆಯೆಂದು ಎಣಿಸಬಾರದೆಂಬ ಎಚ್ಚರ ಇದರಲ್ಲಿದೆ. ರೇವನ್‌ಹಿಲ್ ರೈಲಿನ ನೆರವಿನಿಂದ ಬೇರ್ಪಡಿಸಿದ್ದನ್ನು ಇಲ್ಲಿ ಗಡಿಯಾರದಿಂದ ಬೇರ್ಪಡಿಸಲಾಗಿದೆ. ಈ ಪಟ್ಟಿ ಸಂಶೋಧನೆಗಾಗಿ ಇರುವುದು, ಚಿಕಿತ್ಸೆಯ ತೀರ್ಮಾನಕ್ಕಲ್ಲ ಎಂದೂ ಪರಿಷ್ಕರಿಸಿದವರು ಸ್ಪಷ್ಟಪಡಿಸಿದ್ದಾರೆ.

ಮಾತೇ ಬಾರದವರನ್ನು ಅಳೆಯುವುದು ಹೇಗೆ? 1998ರಲ್ಲಿ ಯಾರನ್ ಮತ್ತು ಸಂಗಡಿಗರು ಇನ್ನೂ ಮಾತು ಕಲಿಯದ ಮಕ್ಕಳಿಗಾಗಿ ಪಟ್ಟಿಯನ್ನು ಮಾರ್ಪಡಿಸಿದರು. ತಲೆನೋವಿನ ಜಾಗದಲ್ಲಿ ಮಗುವಿನ ರಚ್ಚೆ ಬಂತು: ಎಷ್ಟು ಹೊತ್ತು, ಎಷ್ಟು ಜೋರು ಎಂದು ಹೆತ್ತವರು ಅಂಕ ಕೊಡಬೇಕು. ಅನುಭವಿಸುವವರು ಒಬ್ಬರು, ಅಂಕ ಹಾಕುವವರು ಇನ್ನೊಬ್ಬರು. ಹಾಗಾದರೆ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಈ ಎಲ್ಲ ಕೇಳುವ ಕಷ್ಟವನ್ನು ನೀಗಿಸಲಿಲ್ಲವೇ? ಇಲ್ಲ. ಅದರ ಅಂಕಿ ಕೆಳಗಿದ್ದೂ ಆರಾಮಾಗಿರುವವರಿದ್ದಾರೆ, ಮೇಲಿದ್ದೂ ತಲೆ ಒತ್ತಿಕೊಂಡು ಮಲಗಿದವರಿದ್ದಾರೆ. ಬೇನೆಗೂ ಆ ಅಂಕಿಗೂ ಇರುವ ನಂಟು ಸಡಿಲವಾದದ್ದು.

ಕನ್ನಡದಲ್ಲಿ ಕೇಳಿದರೆ

ಹೀಗಾಗಿ ಕೊನೆಗೆ ಉಳಿಯುವ ಮಾಪಕ ಭಾಷೆ. ಒರೆಗೆ ಹಚ್ಚದೆ ಉಳಿದ ಭಾಗವೂ ಅದೇ. ಲೇಕ್ ಲೂಯಿಸ್ ಪಟ್ಟಿಯ ನಾಲ್ಕು ಪ್ರಶ್ನೆಗಳನ್ನು ಕನ್ನಡದಲ್ಲಿ ಕೇಳುವುದಾದರೆ ಏನಾದೀತು? ‘ತಲೆಸುತ್ತು’ ಎಂದರೆ ಲೋಕವೇ ತಿರುಗಿದಂತಾಗುವುದೂ ಹೌದು, ಎದ್ದು ನಿಂತಾಗ ಕಣ್ಣು ಕತ್ತಲೆ ಕಟ್ಟುವುದನ್ನೂ ಹಲವರು ಹಾಗೆನ್ನುತ್ತಾರೆ. ಉತ್ತರ ಕರ್ನಾಟಕದವರು ‘ಚಕ್ಕರ್ ಬಂತು’ ಅಂದಾರು. ‘ಸಂಕಟ’ ಒಬ್ಬರಿಗೆ ಹೊಟ್ಟೆ ತೊಳಸುವುದು, ಇನ್ನೊಬ್ಬರಿಗೆ ಮನಸ್ಸಿನದು. ‘ಆಯಾಸ’ ದಣಿವೂ ಆಗಬಹುದು, ಏದುಸಿರೂ ಆಗಬಹುದು; ಸ್ಯಾಂಪ್ಸನ್ ಅವರ ವಿಂಗಡಣೆಯಲ್ಲಿ ಇವೆರಡೂ ಬೇರೆ ಬೇರೆ ಗುಂಪಿಗೆ ಸೇರಿದವು.

ಎಲ್ಲಕ್ಕಿಂತ ಮುಖ್ಯವಾದದ್ದು ತಲೆನೋವು. ಲೇಕ್ ಲೂಯಿಸ್ ಪಟ್ಟಿಗೆ ಅದೇ ಹೆಬ್ಬಾಗಿಲು. ಅಲ್ಲಿ ಸೊನ್ನೆ ಬಿದ್ದರೆ ಉಳಿದ ಮೂರರಲ್ಲಿ ಎಷ್ಟೇ ಅಂಕ ಬರಲಿ, ಲೆಕ್ಕದಲ್ಲಿ ಅವನಿಗೆ ಬೇನೆ ಇಲ್ಲ. ನಮ್ಮಲ್ಲಿ ಅನೇಕರು, ಅದರಲ್ಲೂ ಸಹಿಸಿಕೊಳ್ಳುವುದನ್ನೇ ಕಲಿತ ಹಿರಿಯರು, ‘ನೋವೇನಿಲ್ಲಪ್ಪ, ತಲೆ ಭಾರ ಅಷ್ಟೇ’ ಎನ್ನುತ್ತಾರೆ. ಈ ‘ತಲೆ ಭಾರ’ಕ್ಕೆ 0 ಕೊಡಬೇಕೋ 1 ಕೊಡಬೇಕೋ? ಕೇಳುವವನು ‘ನೋವಿಲ್ಲ’ ಎಂಬ ಪದ ಹಿಡಿದರೆ ಆ ಯಾತ್ರಿಕ ಆರೋಗ್ಯವಂತ. ‘ಭಾರ’ ಎಂಬ ಪದ ಹಿಡಿದರೆ, ಓಕರಿಕೆಗೆ ಒಂದು, ಸುಸ್ತಿಗೆ ಒಂದು ಸೇರಿ ಅಂಕ ಮೂರು, ಅವನು ಬೇನೆಯವನು.

ಇದನ್ನು ನಿಘಂಟು ನೋಡಿ ತೀರ್ಮಾನಿಸಲಾಗದು. ಪೈಕ್ಸ್ ಪೀಕ್‌ನಲ್ಲಿ ಮಾಡಿದ್ದನ್ನೇ ಇಲ್ಲೂ ಮಾಡಬೇಕು: ಲೇಹ್‌ನಲ್ಲಿ ಇಳಿದ ಕನ್ನಡಿಗರನ್ನು ಅವರದೇ ಮಾತಿನಲ್ಲಿ ಹೇಳಲು ಬಿಟ್ಟು, ಯಾವ ಪದ ಯಾವುದರೊಟ್ಟಿಗೆ ಬರುತ್ತದೆ ಎಂದು ನೋಡಬೇಕು. ಓಕರಿಕೆ, ಸುಸ್ತುಗಳ ಜೊತೆಗೇ ‘ತಲೆ ಭಾರ’ವೂ ಏರಿ, ಕೆಳಗಿಳಿದಾಗ ಅವುಗಳ ಜೊತೆಗೇ ಇಳಿದರೆ ಅದಕ್ಕೆ ತಲೆನೋವಿನ ಸಾಲಿನಲ್ಲೇ ಅಂಕ ಸಲ್ಲಬೇಕು. ಅಲ್ಲಿಯವರೆಗೆ ಕನ್ನಡ ಯಾತ್ರಿಕರ ಗುಂಪನ್ನು ಈ ಪಟ್ಟಿ ಹಿಡಿದು ವಿಚಾರಿಸುವವರು ‘ತಲೆ ನೋಯುತ್ತಿದೆಯೇ’ ಎಂದಷ್ಟೇ ಕೇಳಿ ಮುಂದಕ್ಕೆ ಹೋಗದೆ, ‘ತಲೆ ಹೇಗಿದೆ’ ಎಂದೂ ಕೇಳುವುದು ಒಳಿತು.